ಬೀದರ್, ಕಲಬುರಗಿ, ಯಾದಗಿರಿ ನಾಲ್ಕು ದಿನದಲ್ಲಿ: ದಾರಿ ಹೇಗೆ ಹಾಕೋದು, ಯಾವುದು ಉಳಿದಿದೆ, ಯಾವುದು ಹೋಗ್ತಿದೆ?

ದಕ್ಷಿಣದವ

ಬೆಂಗಳೂರಿನಿಂದ ನಾಲ್ಕು ಜನ, ಜನವರಿಯಲ್ಲಿ ನಾಲ್ಕು ಪೂರ್ತಿ ದಿನ ಕೈಯಲ್ಲಿವೆ. ಒಬ್ಬರಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು. ಬೀದರ್ ಕೋಟೆ, ಸನ್ನತಿ, ಸುರಂಗ ಬಾವಿ ಮೂರೂ ಬೇಕೇ ಬೇಕು, ಉಳಿದದ್ದು ನಿಮ್ಮ ಸಲಹೆ. ವಿಮಾನವೋ ರೈಲೋ ಕಾರೋ? ಇನ್ನೊಂದು ಮಾತು: ಹೆದ್ದಾರಿ, ರಿಂಗ್ ರೋಡ್, ಹೊಸ ಲೇಔಟ್ ಅಂತ ಈ ಭಾಗ ಬಹಳ ಬದಲಾಗಿದೆ ಅಂತಾರೆ. ಇದರಿಂದ ನೋಡುವವರಿಗೆ ಅನುಕೂಲ ಆಗಿದೆಯಾ, ನೋಡುವ ಜಾಗಗಳೇ ಹೋಗುತ್ತಿವೆಯಾ? ಗೊತ್ತಿರುವವರು ಹೇಳಿ.

ಹಳಿಗುಂಟ

ಮೊದಲು ದಾರಿ. ಉತ್ತರದಿಂದ ದಕ್ಷಿಣಕ್ಕೆ ಇಳಿಯಿರಿ: ಬೀದರಿನಲ್ಲಿ ಶುರು, ಯಾದಗಿರಿಯಲ್ಲಿ ಮುಕ್ತಾಯ. ಮುಂಬೈ, ದೆಹಲಿ ಕಡೆಯಿಂದ ಬೆಂಗಳೂರಿಗೆ ಹೋಗುವ ಉದ್ಯಾನ್, ಕರ್ನಾಟಕ ಎಕ್ಸ್‌ಪ್ರೆಸ್‌ನಂಥ ಗಾಡಿಗಳು ವಾಡಿ–ಯಾದಗಿರಿ–ರಾಯಚೂರು ಹಳಿಯ ಮೇಲೇ ಹೋಗುತ್ತವೆ. ಹೀಗಾಗಿ ವಾಪಸ್ ಹೋಗಲು ಮತ್ತೆ ಬೀದರಿಗೆ ಹತ್ತುವ ಕೆಲಸ ತಪ್ಪುತ್ತದೆ. ಬೆಂಗಳೂರಿನಿಂದ ಬೀದರಿಗೆ ರಾತ್ರಿ ರೈಲು ಇದೆ. ಅದರಲ್ಲಿ ಹೋದರೆ ಮೊದಲ ದಿನ ಹಾಳಾಗುವುದಿಲ್ಲ.

ವಂದೇ ಭಾರತ್ 2024ರ ಮಾರ್ಚ್‌ನಲ್ಲಿ ಶುರುವಾಯಿತು. ಆದರೆ ಅದರ ವೇಳಾಪಟ್ಟಿ ಕಲಬುರಗಿಯವರು ಬೆಂಗಳೂರಿಗೆ ಹೋಗಲಿ ಅಂತ ಮಾಡಿದ್ದು. ಬೆಳಗ್ಗೆ ಕಲಬುರಗಿ ಬಿಡುತ್ತದೆ, ಮಧ್ಯಾಹ್ನದ ಮೇಲೆ ಬೆಂಗಳೂರು ಬಿಟ್ಟು ತಡರಾತ್ರಿ ಕಲಬುರಗಿ ಸೇರುತ್ತದೆ. ನಿಮಗೆ ಹೋಗುವಾಗ ಇದು ಒಗ್ಗುವುದಿಲ್ಲ, ವಾಪಸಿಗಾದರೆ ಒಗ್ಗಬಹುದು. ವಾರದಲ್ಲಿ ಒಂದು ದಿನ ಓಡುವುದಿಲ್ಲ, ನೋಡಿಕೊಳ್ಳಿ.

ವಿಮಾನ ನಂಬಿ ಹೋಟೆಲ್ ಬುಕ್ ಮಾಡಬೇಡಿ. ಕಲಬುರಗಿ ನಿಲ್ದಾಣ 2019ರ ನವೆಂಬರಿನಲ್ಲಿ, ಬೀದರಿನದು 2020ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದವು. ಎರಡೂ ಕಡೆ ಹಾರಾಟ ಶುರುವಾಗುತ್ತದೆ, ನಿಲ್ಲುತ್ತದೆ. ಕಾರಣ ಸರಳ. ಉಡಾನ್ ಯೋಜನೆಯಲ್ಲಿ ಒಂದು ಮಾರ್ಗಕ್ಕೆ ಸಹಾಯಧನ ಸಿಗುವುದು ಮೂರು ವರ್ಷ. ಅದು ಮುಗಿದ ಮೇಲೆ ಪೂರ್ತಿ ಟಿಕೆಟ್ ದರದಲ್ಲಿ ಸೀಟು ತುಂಬಬೇಕು, ಅಷ್ಟು ಹೊತ್ತಿಗೆ ಅದೇ ಊರಿಗೆ ರೈಲು ಹೆಚ್ಚಾಗಿರುತ್ತವೆ. ವಿಮಾನವೇ ಬೇಕೆಂದರೆ ಹೈದರಾಬಾದಿಗೆ ಇಳಿದು ಜಹೀರಾಬಾದ್ ಮೇಲೆ ಬೀದರಿಗೆ ಬನ್ನಿ, ಮೂರು ಗಂಟೆ ಆಸುಪಾಸು.

ಬೀದರ್–ಕಲಬುರಗಿ ರೈಲು ಮಾರ್ಗ 110 ಕಿ.ಮೀ., 2017ರ ಅಕ್ಟೋಬರಿನಲ್ಲಿ ಪೂರ್ತಿ ತೆರೆಯಿತು. ಗಾಡಿಗಳ ಸಂಖ್ಯೆ ಕಡಿಮೆ. ಒಂದು ತಪ್ಪಿದರೆ ಮುಂದಿನದಕ್ಕೆ ಕಾಯುವ ಬದಲು ಹುಮನಾಬಾದ್ ಮೇಲಿನ ಬಸ್ ಹಿಡಿಯುವುದೇ ಲೇಸು.

ಕಾರಿನ ಲೆಕ್ಕ: ಬೀದರಿನಲ್ಲಿ ಹಿಡಿದ ಕಾರನ್ನು ಯಾದಗಿರಿಯಲ್ಲಿ ಬಿಟ್ಟರೆ ಅದು ಖಾಲಿ ವಾಪಸಾಗುವ 190 ಕಿ.ಮೀ. ಚಿಲ್ಲರೆ ದೂರದ ದುಡ್ಡೂ ನಿಮ್ಮ ತಲೆಗೇ. ಬೀದರಿನೊಳಗೆ ಆಟೊ ಮಾತಾಡಿಕೊಳ್ಳಿ, ಕಲಬುರಗಿಯಿಂದ ಮುಂದಕ್ಕೆ ಕಲಬುರಗಿಯದೇ ಕಾರು.

ಜಂಬಿಟ್ಟಿಗೆ

ಊರಿನ ಹೆಸರು ನೋಡಿ ದಾರಿ ಹಾಕುವುದಕ್ಕಿಂತ ಕಲ್ಲು ನೋಡಿ ಹಾಕಿ, ಈ ಭಾಗ ಬೇಗ ಅರ್ಥವಾಗುತ್ತದೆ. ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ. ಇಳಿದು ಕಲಬುರಗಿಗೆ ಬಂದರೆ ಕರಿಕಲ್ಲು, ಮೇಲೆ ಎರೆ ಮಣ್ಣು. ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರಕ್ಕೆ ಬಂದರೆ ಸುಣ್ಣಕಲ್ಲು. ಶಹಾಪುರ, ಸುರಪುರ, ಯಾದಗಿರಿಯ ಗುಡ್ಡಗಳು ಗ್ರಾನೈಟ್. ಯಾರು ಏನು ಕಟ್ಟಿದರು, ಈಗ ಏನು ಕೆಡುತ್ತಿದೆ ಎರಡಕ್ಕೂ ಉತ್ತರ ಆ ಕಲ್ಲಲ್ಲೇ ಇದೆ.

ಬೀದರ್ ಕೋಟೆಗೆ ಅರ್ಧ ದಿನ ಸಾಲದು. ಅಹ್ಮದ್ ಶಾ ವಲಿ ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಜಂಬಿಟ್ಟಿಗೆ ಹಸಿ ಇದ್ದಾಗ ಮೆತ್ತಗೆ ಕಡಿಯಬಹುದು, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಹಾಗಾಗಿ ಕಂದಕವನ್ನು ಕಟ್ಟಲಿಲ್ಲ, ಬಂಡೆಯಲ್ಲೇ ಕೊರೆದರು. ಕೆಲವು ಕಡೆ ಮೂರು ಸಾಲು ಕಂದಕ, ನಡುವೆ ಬಂಡೆಯದೇ ಗೋಡೆ ಉಳಿಸಿದ್ದಾರೆ. ಒಳಗೆ ಹೋಗುವಾಗ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿ, ಉಳಿಯ ಗುರುತು ಕಾಣುತ್ತದೆ. ಬಹಳ ಜನ ಇಲ್ಲಿ ಗಾಡಿಯ ಕಿಟಕಿಯಿಂದಲೇ ದಾಟಿಬಿಡುತ್ತಾರೆ.

ಕ್ರಮ ಹೀಗಿರಲಿ: ಶರ್ಜಾ ದರವಾಜಾ (1503ರದು, ಮೇಲೆ ಎರಡು ಹುಲಿ ಕೆತ್ತನೆ), ಗುಂಬದ್ ದರವಾಜಾ, ರಂಗೀನ್ ಮಹಲ್, ಹಮ್ಮಾಮಿನಲ್ಲಿರುವ ವಸ್ತುಸಂಗ್ರಹಾಲಯ, ಸೋಲಾ ಖಂಬಾ ಮಸೀದಿ, ಗಗನ್ ಮಹಲ್, ಕೊನೆಗೆ ತಖ್ತ್ ಮಹಲ್. ರಂಗೀನ್ ಮಹಲಿಗೆ ಸಾಮಾನ್ಯವಾಗಿ ಬೀಗ. ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಕೇಳಿದರೆ ತೆರೆದು ತೋರಿಸುತ್ತಾರೆ, ಆದರೆ ಅವರು ಊಟಕ್ಕೆ ಹೋಗುವ ಮುಂಚೆ ಕೇಳಬೇಕು. ಒಳಗೆ ಕಪ್ಪು ಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದ ಬಾಗಿಲುವಾಡ ಇದೆ. ಮೊಬೈಲ್ ಟಾರ್ಚನ್ನು ನೇರವಾಗಿ ಹಿಡಿದರೆ ಬಿಳಿ ಬಿಳಿ ಕಾಣುತ್ತದೆ ಅಷ್ಟೆ. ಪಕ್ಕಕ್ಕೆ ಹಿಡಿದರೆ ಹಸಿರು, ಗುಲಾಬಿ ಮಿಂಚು ಬರುತ್ತದೆ. ಮೊಣಕಾಲು ನೋವಿರುವವರು ಮೇಲಿನ ಮಹಡಿ ಬಿಡಲಿ, ಮೆಟ್ಟಿಲು ಕಿರಿದು ಮತ್ತು ಎತ್ತರ.

ಮಹಮೂದ್ ಗವಾನ್ ಮದರಸಾ ಊರೊಳಗೇ ಇದೆ. 1472ರ ಕಟ್ಟಡ, 1696ರಲ್ಲಿ ಮದ್ದು ಸಿಡಿದು ಮುಂಭಾಗದ ಒಂದು ಪಾಲು ಹೋಯಿತು. ಉಳಿದ ಮಿನಾರಿನ ಬುಡದಲ್ಲಿ ನಿಂತರೆ ಪರ್ಶಿಯನ್ ಹೆಂಚುಗಳ ನೀಲಿ ಇನ್ನೂ ಸ್ವಲ್ಪ ಇದೆ. ಬೆಳಗಿನ ಬಿಸಿಲು ಮುಂಭಾಗದ ಮೇಲೆ ಬೀಳುತ್ತದೆ, ಮಧ್ಯಾಹ್ನ ಹೋದರೆ ಫೋಟೊ ಸಪ್ಪೆ.

ಅಷ್ಟೂರಿನ ಬಹಮನಿ ಗೋರಿಗಳನ್ನು ಬೆಳಗ್ಗೆಯೇ ಇಟ್ಟುಕೊಳ್ಳಿ. ಅಹ್ಮದ್ ಶಾ ವಲಿಯ ಗೋರಿಯ ಒಳಗಿನ ಚಿತ್ತಾರ ಕತ್ತಲಲ್ಲಿದೆ, ಹೊರಗಿನ ಬಿಸಿಲನ್ನು ಕನ್ನಡಿಯಿಂದ ಒಳಗೆ ಹಾಯಿಸಿ ತೋರಿಸುವುದು ಅಲ್ಲಿನ ರೂಢಿ. ಮೋಡ ಇದ್ದರೆ ಏನೂ ಕಾಣದು. ಪಕ್ಕದ ಹುಮಾಯೂನ್ ಶಾನ ಗೋರಿ ಸಿಡಿಲಿಗೆ ಅರ್ಧ ಬಿದ್ದದ್ದು. ಗುಮ್ಮಟದ ದಪ್ಪ, ಒಳಪದರ, ಇಟ್ಟಿಗೆ ಹೇಗೆ ಬಾಗಿಸಿ ಕಟ್ಟಿದ್ದಾರೆ ಎಲ್ಲ ಅಡ್ಡಕೊಯ್ದ ಹಾಗೆ ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ಗುಂಪಿನಲ್ಲಿ ಹೆಚ್ಚು ಕಲಿಸುವುದು ಅದೇ.

ಗಾಳಿಬಾವಿ

ಸುರಂಗ ಬಾವಿಯ ಬಗ್ಗೆ ಸ್ವಲ್ಪ ವಿವರವಾಗಿ, ಯಾಕೆಂದರೆ ಹೆಚ್ಚಿನವರು ಹೋಗಿ ಒಂದು ಗುಂಡಿ ನೋಡಿ ನಿರಾಸೆಯಿಂದ ಬರುತ್ತಾರೆ.

ನೌಬಾದಿನ ಈ ಸುರಂಗ ಬಾವಿಗೆ ಕರೇಜ್ ಎನ್ನುತ್ತಾರೆ, ಪರ್ಶಿಯನ್ ಮಾದರಿ. ಎತ್ತರದಲ್ಲಿ ಒಂದು ತಾಯಿಬಾವಿ. ಅಲ್ಲಿಂದ ನೆಲದಡಿ ಬಹಳ ಸಣ್ಣ ಇಳಿಜಾರಿನ ಸುರಂಗ, ಅದರುದ್ದಕ್ಕೂ ಅಷ್ಟಷ್ಟು ದೂರಕ್ಕೆ ಮೇಲಿನಿಂದ ಇಳಿದ ಗಾಳಿಬಾವಿಗಳು, ಇಪ್ಪತ್ತಕ್ಕೂ ಹೆಚ್ಚು. ಕೊನೆಗೆ ಅಲಿಯಾಬಾದ್ ಕಡೆ ಕಣಿವೆಯಲ್ಲಿ ಸುರಂಗದ ಬಾಯಿ. ಪಂಪು, ರಾಟೆ ಏನೂ ಇಲ್ಲ, ನೀರು ತಾನೇ ಹರಿದು ಬರುತ್ತದೆ. ಗಾಳಿಬಾವಿಗಳಿಗೆ ಮೂರು ಕೆಲಸ: ಕಟ್ಟುವಾಗ ಮಣ್ಣು ಮೇಲೆತ್ತಲು, ಒಳಗೆ ಇಳಿದವರಿಗೆ ಉಸಿರಾಡಲು, ಆಮೇಲೆ ಹೂಳು ತೆಗೆಯಲು.

ಇದು ಬೀದರಿನಲ್ಲಿ ಏಕೆ ಸಾಧ್ಯವಾಯಿತು ಅಂದರೆ ಮೇಲಿನ ಜಂಬಿಟ್ಟಿಗೆಯಲ್ಲಿ ತೂತು ಹೆಚ್ಚು, ಮಳೆ ಸರಾಗ ಇಂಗುತ್ತದೆ. ಕೆಳಗಿನ ಕರಿಕಲ್ಲು ನೀರನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಎರಡರ ನಡುವಿನ ಸಂದಿನಲ್ಲಿ ನೀರು ನಿಂತು ಪಕ್ಕಕ್ಕೆ ಜಿನುಗುತ್ತದೆ. ನರಸಿಂಹ ಝರಣಿ, ನಾನಕ್ ಝೀರಾ, ಪಾಪನಾಶದ ಬುಗ್ಗೆಗಳೂ ಇದೇ ನೀರು. ಹಿಂದಿನವರು ಆ ಸಂದನ್ನು ಹುಡುಕಿ ಅದರ ಗುಂಟ ಸುರಂಗ ಕೊರೆದರು. ಬೀದರಿನಲ್ಲಿ ಶುಕ್ಲತೀರ್ಥ, ಜಮುನಾ ಮೋರಿ ಎಂದು ಇನ್ನೂ ಎರಡು ಇಂಥವಿವೆ.

ಈಗ ಕೆಡುವುದು ಹೇಗೆ ಅಂತ ನೋಡಿ. ಸುರಂಗದ ಮೇಲೆ ಮನೆ ಕಟ್ಟಿದರೆ ಕೆಳಗೆ ಕುಸಿಯಬೇಕೆಂದೇನಿಲ್ಲ. ತೊಂದರೆ ಬೇರೆ ಮೂರು ದಾರಿಯಲ್ಲಿ ಬರುತ್ತದೆ. ಒಂದು, ನಿವೇಶನ ಸಮ ಮಾಡುವಾಗ ಗಾಳಿಬಾವಿಯನ್ನು ಹಾಳು ಬಾವಿ ಎಂದುಕೊಂಡು ಮುರುಮ್ ತುಂಬುತ್ತಾರೆ. ಆ ಮಣ್ಣು ಸುರಂಗಕ್ಕೆ ಅಡ್ಡ ಬಿದ್ದು ಹಿಂದೆ ನೀರು ನಿಲ್ಲುತ್ತದೆ. ಎರಡು, ಒಂದು ಲೇಔಟಿನಲ್ಲಿ ಮನೆಗೊಂದು ಬೋರ್‌ವೆಲ್ ಬಿದ್ದರೆ ಸಂದಿನ ನೀರೇ ಕೆಳಗಿಳಿಯುತ್ತದೆ, ಆಗ ಸುರಂಗ ಎಷ್ಟೇ ಸ್ವಚ್ಛವಿದ್ದರೂ ಒಣಗಿದ್ದೇ. ಮೂರು, ಕಾಂಕ್ರೀಟ್ ಹಾಸಿದ ಅಂಗಳ ಮತ್ತು ರಸ್ತೆ ಇಂಗುವ ನೀರನ್ನು ಚರಂಡಿಗೆ ಕಳಿಸುತ್ತವೆ, ಶೌಚಗುಂಡಿ ಮಾತ್ರ ಇಂಗುತ್ತದೆ. ಮೂರನೆಯದನ್ನು ಹೂಳು ತೆಗೆದು ಸರಿ ಮಾಡಲಾಗದು.

ನೋಡುವವರಿಗೆ: ಬಾಯಿಯ ಕಡೆಯಿಂದ ನೋಡಿ, ಗಾಳಿಬಾವಿಗಳ ಅಂಚಿಗೆ ಹೋಗಬೇಡಿ. ಅಂಚಿನ ಜಂಬಿಟ್ಟಿಗೆ ಸವೆದು ಒಳಗಡೆಗೆ ಜಾರುವಂತಿರುತ್ತದೆ, ಹುಲ್ಲು ಮುಚ್ಚಿರುತ್ತದೆ. ಸುರಂಗದ ಒಳಗೆ ಅನುಮತಿ, ಜೊತೆಗಾರ ಇಲ್ಲದೆ ಇಳಿಯಬಾರದು. ನಿಂತ ನೀರಿನ ಮೇಲೆ ಗಾಳಿ ಕೆಟ್ಟಿರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ.

ತೊಗರಿ ಹೊಲ

ಗಾಳಿಬಾವಿ ಅವರು ಹೇಳಿದ್ದು ಖರೆ ಅದ. ಆದ್ರ ಇನ್ನೊಂದು ಕಡೀದೂ ನೋಡ್ರಿ. ಬೀದರ್, ಕಲಬುರಗಿ ಮಂದಿ ಎಷ್ಟ ವರ್ಷ ರಸ್ತಾ ಇಲ್ಲ, ರೈಲ್ ಇಲ್ಲ ಅಂತ ಅತ್ತಾರ. ಈ ಭಾಗಕ್ಕ ವಿಶೇಷ ಸ್ಥಾನ ಕೊಡೋ 371(ಜೆ) ಬಂತು, ಕಲ್ಯಾಣ ಕರ್ನಾಟಕ ಮಂಡಳಿ ರೊಕ್ಕ ಬಂತು, ಈಗ ಸ್ವಲ್ಪ ಊರು ಬೆಳಿಲಿಕತ್ತಾವ. ಅಷ್ಟರೊಳಗ ಇಲ್ಲಿ ಬೋರ್ ಹಾಕಬ್ಯಾಡ್ರಿ, ಇಲ್ಲಿ ಮನಿ ಕಟ್ಟಬ್ಯಾಡ್ರಿ ಅಂದ್ರ ಹ್ಯಾಂಗ? ಕೋಟಿ ಬಾಜೂಕ ಇರೋರು ಗ್ವಾಡಿ ಬಿದ್ರ ಎತ್ಲಿಕ್ಕೂ ಪರ್ಮಿಷನ್ ಬೇಕು. ಪಾಯಖಾನಿ ಕಟ್ಟಲಿಕ್ಕೂ ನೂರು ಮೀಟರ್ ಅಂತಾರ. ನೋಡ್ಲಿಕ್ಕ ಬರೋರು ನಾಕು ತಾಸು ಇದ್ದು ಹೋಗ್ತಾರ, ಇರೋರು ನಾವು.

ನಕಾಶೆ

ತೊಗರಿ ಹೊಲ ಅವರ ಸಿಟ್ಟು ನ್ಯಾಯ, ಆದರೆ ನಿಯಮ ಅಷ್ಟು ಕಟುವಾಗಿಲ್ಲ. ಹೇಳುವವರು ಅರ್ಧ ಹೇಳುತ್ತಾರೆ, ಅಷ್ಟೇ.

ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ಅಳೆಯುವುದು ಗೋಡೆಯಿಂದಲ್ಲ, ಸಂರಕ್ಷಿತ ಗಡಿಯಿಂದ. ಬಹಳ ಜಗಳ ಹುಟ್ಟುವುದು ಇಲ್ಲಿಯೇ. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡಕ್ಕೆ ಅವಕಾಶ ಇಲ್ಲ. ಆದರೆ 1992ರ ಜೂನ್ 16ಕ್ಕಿಂತ ಮುಂಚಿನ ಮನೆಯಾದರೆ, ಅಥವಾ ಆಮೇಲೆ ಅನುಮತಿ ಪಡೆದೇ ಕಟ್ಟಿದ್ದರೆ, ದುರಸ್ತಿ, ನವೀಕರಣಕ್ಕೆ ಅರ್ಜಿ ಹಾಕಬಹುದು. ಸಾರ್ವಜನಿಕ ಶೌಚಾಲಯ, ಚರಂಡಿ, ಜನರಿಗೆ ನೀರು ಮತ್ತು ಕರೆಂಟಿನ ಕಾಮಗಾರಿಗಳನ್ನು ಆ ಕಾಯ್ದೆಯ 'ನಿರ್ಮಾಣ' ಎಂಬ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ನಿಯಂತ್ರಿತ ವಲಯದಲ್ಲಿ ಹೊಸ ಮನೆಯೂ ಸಾಧ್ಯ, ಎತ್ತರ, ನೆಲಮಾಳಿಗೆ ಮೇಲೆ ಷರತ್ತು ಹಾಕುತ್ತಾರೆ. ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಕ್ಕೆ, ಅಲ್ಲಿಂದ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ. ಕೇಳದೆ ಕಟ್ಟಿದರೆ ಎರಡು ವರ್ಷದ ತನಕ ಜೈಲು ಅಥವಾ ಒಂದು ಲಕ್ಷದ ತನಕ ದಂಡ, ಅಥವಾ ಎರಡೂ.

ಅರ್ಜಿ ತಿರಸ್ಕಾರವಾಗಲು ಸಾಮಾನ್ಯ ಕಾರಣಗಳು ಹೀಗಿವೆ: ಮನೆ 1992ಕ್ಕೂ ಹಿಂದಿನದು ಎನ್ನಲು ಹಳೆಯ ಕರ ರಸೀದಿ ಇಲ್ಲ, ಸರ್ವೆ ನಕ್ಷೆಯಲ್ಲಿ ಗಡಿಯಿಂದ ದೂರ ತೋರಿಸಿಲ್ಲ, 'ದುರಸ್ತಿ' ಎಂದು ಬರೆದು ನಕ್ಷೆಯಲ್ಲಿ ಒಂದು ಮಹಡಿ ಹೆಚ್ಚು ತೋರಿಸಿದ್ದಾರೆ.

ಈ ನೂರು ಮೀಟರ್ ವಲಯ ಗುಮ್ಮಟವನ್ನು ಕಾಯುತ್ತದೆ. ಕಿಲೋಮೀಟರುಗಟ್ಟಲೆ ನೆಲದಡಿ ಹರಿಯುವ ಸುರಂಗಕ್ಕೂ ಊರಾಚೆ ಬಿದ್ದಿರುವ ಕಲ್ಲುಸಾಲಿಗೂ ಅದು ಹೇಳಿ ಮಾಡಿಸಿದ್ದಲ್ಲ. 2014ರಲ್ಲಿ ಯುನೆಸ್ಕೊ ತಾತ್ಕಾಲಿಕ ಪಟ್ಟಿಗೆ ದಖ್ಖನ್ ಸುಲ್ತಾನರ ಸ್ಮಾರಕಗಳು ಹೋದವು, ಬೀದರ್, ಕಲಬುರಗಿ ಎರಡೂ ಅದರಲ್ಲಿವೆ. ಅಲ್ಲಿಂದ ವಿಶ್ವಪರಂಪರೆ ಪಟ್ಟಿಗೆ ಏರಬೇಕಾದರೆ ಸುತ್ತಲಿನ ಪ್ರದೇಶದ ನಿರ್ವಹಣೆ ಹೇಗೆ ಅಂತ ತೋರಿಸಬೇಕು. ಕರೇಜಿಗೆ ಬೇಕಿರುವುದು ಮೀಟರಿನ ಲೆಕ್ಕವಲ್ಲ. ತಾಯಿಬಾವಿಯ ಮೇಲ್ಭಾಗದ ಇಂಗುವ ನೆಲವನ್ನು ನಗರ ಯೋಜನೆಯ ನಕ್ಷೆಯಲ್ಲಿ ಬಣ್ಣ ಹಾಕಿ ಗುರುತಿಸಬೇಕು, ಅಲ್ಲಿ ಬೋರ್‌ವೆಲ್ ಬದಲು ನಲ್ಲಿ ನೀರು ಕೊಡಬೇಕು.

ತೊಗರಿ ಹೊಲ

ನಲ್ಲಿ ನೀರು ಕೊಟ್ರ ಬೋರ್ ಯಾರು ಹಾಕ್ತಾರ್ರಿ? ಒಂದು ಬೋರಿಗಿ ಲಕ್ಷದ ಮ್ಯಾಲ ಬೀಳ್ತದ. ಈ ಮಾತು ಒಪ್ಪಿದೆ.

ಬೆಳ್ಳಿತಂತಿ

ಬೀದರಿನಲ್ಲಿ ಬಿದ್ರಿ ಕೊಳ್ಳುವವರಿಗೆ ಒಂದೆರಡು ಮಾತು. ಮಿಶ್ರಲೋಹದಲ್ಲಿ ಸತು 16 ಪಾಲಿಗೆ ತಾಮ್ರ ಒಂದು ಪಾಲು. ಮರಳಚ್ಚಿನಲ್ಲಿ ಎರಕ, ಅರದಿಂದ ಉಜ್ಜಿ ನುಣುಪು, ಮೈಲುತುತ್ತದ ನೀರು ಸವರಿ ತಾತ್ಕಾಲಿಕ ಕಪ್ಪು, ಅದರ ಮೇಲೆ ನಕ್ಷೆ ಗೀರಿ ಉಳಿಯಿಂದ ಕೊರೆದು ಬೆಳ್ಳಿ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಎಲ್ಲ ಬಿಳಿ, ಯಾವುದು ಬೆಳ್ಳಿ ಯಾವುದು ಸತು ತಿಳಿಯುವುದಿಲ್ಲ. ಕೊನೆಗೆ ಕೋಟೆಯ ಹಳೆ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿನೀರಿಗೆ ಹಾಕಿದಾಗ ಸತು ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ.

ಗುರುತು: ಬೆರಳು ಸವರಿದರೆ ಬೆಳ್ಳಿ ಮತ್ತು ಕಪ್ಪು ಒಂದೇ ಮಟ್ಟದಲ್ಲಿರಬೇಕು. ಬೆಳ್ಳಿ ಉಬ್ಬಿದ್ದರೆ ಅಂಟಿಸಿದ್ದು. ಕೈಗೆ ಹಗುರವೆನಿಸಿದರೆ ಅಲ್ಯೂಮಿನಿಯಂ ಇರಬಹುದು. ಅಯಸ್ಕಾಂತ ಹಿಡಿದು ನೋಡುವುದರಿಂದ ಏನೂ ತಿಳಿಯದು, ಸತುವೂ ಅಂಟುವುದಿಲ್ಲ, ಅಲ್ಯೂಮಿನಿಯಮ್ಮೂ ಅಂಟುವುದಿಲ್ಲ. ಕೊಬ್ಬರಿ ಎಣ್ಣೆ ಸವರಿದರೆ ನಿಜವಾದ ಕಪ್ಪು ಇನ್ನೂ ಗಾಢವಾಗುತ್ತದೆ, ಬಣ್ಣ ಬಳಿದದ್ದು ಹಾಗಾಗುವುದಿಲ್ಲ. ಮನೆಯಲ್ಲಿ ಹುಣಸೆ, ನಿಂಬೆ, ಬೆಳ್ಳಿ ಪಾಲಿಷ್ ಯಾವುದನ್ನೂ ಹಾಕಬೇಡಿ, ಕಪ್ಪೇ ಎದ್ದುಹೋಗುತ್ತದೆ. ಚೌಬಾರಾ ಸುತ್ತಮುತ್ತ ಕೆಲಸ ಮಾಡುವುದನ್ನು ನೋಡಬಹುದು. ಬೆಳ್ಳಿಯ ಬೆಲೆ ಏರಿದ ಹಾಗೆ ತಗಡಿನ ಕೆಲಸ ಕಮ್ಮಿಯಾಗಿ ಸಣ್ಣ ತಂತಿಯ ಕೆಲಸ ಹೆಚ್ಚುತ್ತದೆ, ಬೆಲೆ ಕೇಳುವಾಗ ಇದು ನೆನಪಿರಲಿ.

ಹಳಿಗುಂಟ

ರೈಲಿನಲ್ಲಿ ಕಲಬುರಗಿಗೆ ಹೋದರೆ ಜಲಸಂಗಿ, ಬಸವಕಲ್ಯಾಣ ಎರಡೂ ತಪ್ಪುತ್ತವೆ. ಜಲಸಂಗಿ ಹುಮನಾಬಾದ್ ತಾಲ್ಲೂಕಿನಲ್ಲಿ, ಅಲ್ಲಿನ ಶಾಸನ ಬರೆಯುವ ಮದನಿಕೆಯ ಶಿಲ್ಪಕ್ಕಾಗಿಯೇ ಹೋಗಬಹುದು. ಆರನೇ ವಿಕ್ರಮಾದಿತ್ಯನ ಹೊಗಳಿಕೆಯನ್ನು ಅವಳು ಬರೆಯುತ್ತಿದ್ದಾಳೆ. ಬಸವಕಲ್ಯಾಣ ಸೇರಿಸಿದರೆ ಸುತ್ತು ದೊಡ್ಡದಾಗುತ್ತದೆ. ಕಲ್ಯಾಣಿ ಚಾಲುಕ್ಯರ ಊರಾದರೂ ಚಾಲುಕ್ಯರ ಕಟ್ಟಡ ನೋಡಬೇಕೆಂದರೆ ಪಕ್ಕದ ನಾರಾಯಣಪುರದ ಶಿವಾಲಯಕ್ಕೆ ಹೋಗಬೇಕು. ಹೊಸ ಅನುಭವ ಮಂಟಪಕ್ಕೆ 2021ರಲ್ಲಿ ಅಡಿಗಲ್ಲು ಬಿದ್ದಿದ್ದು, ದೊಡ್ಡ ಯೋಜನೆ. ನಾಲ್ಕೇ ದಿನ ಇರುವವರು ಇದನ್ನು ಇನ್ನೊಂದು ಸಲಕ್ಕೆ ಇಡುವುದು ಒಳ್ಳೆಯದು.

ಕಮಾನು

ಕಲಬುರಗಿ ನಗರಕ್ಕೆ ಒಂದು ದಿನ ಸಾಕು. ಕೋಟೆಯ ಜಾಮಾ ಮಸೀದಿ (1367) ಮುಖ್ಯ. ಸಾಮಾನ್ಯವಾಗಿ ಮಸೀದಿಯ ನಡುವೆ ತೆರೆದ ಅಂಗಳ ಇರುತ್ತದೆ, ಇಲ್ಲಿ ಅದನ್ನೂ ಮುಚ್ಚಿ ಪೂರ್ತಿ ಚಾವಣಿ ಮಾಡಿದ್ದಾರೆ: ಐದು ದೊಡ್ಡ ಗುಮ್ಮಟ, 75 ಸಣ್ಣವು. ಬೆಳಕು ಬರುವುದು ಪಕ್ಕದ ಅಗಲ ಕಮಾನುಗಳಿಂದ. ಆ ಅಂಚಿನ ಕಮಾನುಗಳು ಗಿಡ್ಡವಾಗಿ, ತೀರಾ ಅಗಲವಾಗಿವೆ. ಒಳಗೆ ಹೋಗಿ ಮೂಲೆಯಿಂದ ಕರ್ಣರೇಖೆಯಲ್ಲಿ ನೋಡಿ. ಹಫ್ತ್ ಗುಂಬಜ್‌ನಲ್ಲಿ ಫಿರೋಜ್ ಶಾನ ಜೋಡಿ ಗೋರಿ (1422) ದೊಡ್ಡದು, ಅಲ್ಲಿಂದ ಬಂದೇ ನವಾಜ್ ದರ್ಗಾ ಹತ್ತಿರ. ಶುಕ್ರವಾರ ಮಧ್ಯಾಹ್ನ ಮಸೀದಿ, ದರ್ಗಾ ಎರಡನ್ನೂ ಬಿಟ್ಟುಬಿಡಿ. ಶರಣಬಸವೇಶ್ವರ ಗುಡಿ, ಅಪ್ಪನ ಕೆರೆ ಸಂಜೆಗೆ. ವಿಶ್ವವಿದ್ಯಾಲಯದ ಕಡೆಯ ಬುದ್ಧವಿಹಾರ 2009ರದು, ವಯಸ್ಸಾದವರಿಗೆ ಓಡಾಡಲು ಸಲೀಸು.

ಕೋಟೆಯೊಳಗೆ ಬಹಳ ಕಾಲದಿಂದ ಕುಟುಂಬಗಳು ವಾಸವಿವೆ, ತೆರವಿನ ವಿಷಯ ಕೋರ್ಟಿನ ತನಕ ಹೋಗಿದೆ. ಕ್ಯಾಮೆರಾ ಮನೆಗಳತ್ತ ತಿರುಗಿಸಬೇಡಿ. ಅವರಿಗೆ ನೀವು ಸರ್ವೆಯವರಂತೆ ಕಾಣುತ್ತೀರಿ.

ಫರಸಿ

ಮೂರನೇ ದಿನ ಸುಣ್ಣಕಲ್ಲಿನದು. ಕಲಬುರಗಿ–ಮಳಖೇಡ–ಚಿತ್ತಾಪುರ–ನಾಲವಾರ–ಸನ್ನತಿ. ಬೆಳಗ್ಗೆ ಆರೂವರೆಗೆ ಹೊರಡಬೇಕು, ಏಕೆಂದರೆ ಈ ರಸ್ತೆಗಳಲ್ಲಿ ಸಿಮೆಂಟ್, ಕ್ಲಿಂಕರ್, ಫರಸಿ (ನೆಲಹಾಸಿನ ಕಲ್ಲು) ಹೊತ್ತ ಲಾರಿಗಳ ಸಾಲು ಎಂಟರ ಮೇಲೆ ಬಿಗಿಯಾಗುತ್ತದೆ. ತಗ್ಗುಗಳು ಒಂದೇ ಕಡೆ, ತುಂಬಿದ ಲಾರಿ ಹೋಗುವ ಬದಿಗೆ ಹೆಚ್ಚು. ಓವರ್‌ಟೇಕ್ ಮಾಡುವವರು ಖಾಲಿ ಲಾರಿಯ ಬದಿಗೆ ಬರುತ್ತಾರೆ, ಅಪಘಾತ ಅಲ್ಲೇ.

ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ರಾಜಧಾನಿ ಎಂದು ದೊಡ್ಡದಾಗಿ ನಿರೀಕ್ಷಿಸಿ ಹೋದರೆ ಕಾಣುವುದು ಕಾಗಿಣಾ ದಡದ ಕೋಟೆಯ ಭಾಗಗಳು, ಜೈನ ಬಸದಿ, ಜಯತೀರ್ಥರ ವೃಂದಾವನದ ಮಠ. ಒಂದೂವರೆ ಗಂಟೆ ಸಾಕು. ಮಳೆಗಾಲದಲ್ಲಿ ಕಾಗಿಣಾ ಉಕ್ಕಿದರೆ ಸೇತುವೆಯ ಮೇಲೆ ನೀರು ಬಂದು ಸೇಡಂ ದಾರಿ ಬಂದ್ ಆಗುವುದುಂಟು, ಜನವರಿಯಲ್ಲಿ ಆ ಭಯ ಇಲ್ಲ.

ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಗುಡಿಯ ಚಾವಣಿ ಕುಸಿಯಿತು, ವಿಗ್ರಹದ ಪೀಠಕ್ಕೆ ಹಾಕಿದ್ದ ಚಪ್ಪಡಿ ಅಶೋಕನ ಶಾಸನವಾಗಿತ್ತು. ಎರಡೂ ಬದಿಗೆ ಬರಹ: 12 ಮತ್ತು 14ನೇ ಬಂಡೆ ಶಾಸನ ಒಂದು ಕಡೆ, ಎರಡು ಪ್ರತ್ಯೇಕ ಶಾಸನಗಳು ಇನ್ನೊಂದು ಕಡೆ. ವಿಗ್ರಹ ನಿಲ್ಲಿಸಲು ನಡುವೆ ತೂತು ಹೊಡೆದಿದ್ದರಿಂದ ಕೆಲವು ಅಕ್ಷರ ಹೋಗಿವೆ. ಹತ್ತಿರದ ಕನಗನಹಳ್ಳಿಯಲ್ಲಿ 1994ರಿಂದ ಅಗೆದಾಗ ಸ್ತೂಪ ಸಿಕ್ಕಿತು. ರಾಜ, ರಾಣಿ, ಪರಿವಾರದ ಶಿಲ್ಪದ ಮೇಲೆ ಬ್ರಾಹ್ಮಿಯಲ್ಲಿ 'ರಾಯ ಅಸೋಕೊ' ಎಂದಿದೆ. ಅಶೋಕನ ಹೆಸರು ಬರೆದಿರುವ ಅವನ ಶಿಲ್ಪ ಎಂದು ಲೋಕವೇ ಇಲ್ಲಿಗೆ ನೋಡುವುದು ಅದಕ್ಕೇ.

ಆ ಸ್ತೂಪದ ಚಪ್ಪಡಿಗಳು ಸುಣ್ಣಕಲ್ಲು. ಪಕ್ಕದಲ್ಲಿ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಭೀಮಾ ಕೊಳ್ಳದ ಸುಣ್ಣಕಲ್ಲಿಗಾಗಿಯೇ. ಪದರ ಪದರವಾಗಿ ಸೀಳಿ ಬರುತ್ತದೆಂದು ಶಿಲ್ಪಿಗೂ ಹಿತ, ನೆಲಹಾಸಿಗೂ ಹಿತ. ಆದರೆ ಬಯಲಲ್ಲಿ ಬಿಟ್ಟರೆ ಪದರದ ಸಂದಿಗೆ ನೀರಿಳಿದು ಸಿಪ್ಪೆಯೇಳುತ್ತದೆ. ಕಾರ್ಖಾನೆ ತೆಗೆಯಿರಿ ಎಂದು ಯಾರೂ ಕೇಳುತ್ತಿಲ್ಲ, ಸಾವಿರಾರು ಮನೆಯ ಒಲೆ ಅದರಿಂದ ಉರಿಯುತ್ತದೆ. ಲಾರಿಗಳಿಗೆ ಪ್ರತ್ಯೇಕ ದಾರಿ, ಶಿಲ್ಪಗಳಿಗೆ ಮೇಲ್ಛಾವಣಿ, ಸಂಜೆಯ ಬಸ್. ಈ ಮೂರು ಆದರೆ ಸಾಕಷ್ಟು ಆದ ಹಾಗೆ. ಸನ್ನತಿಯಲ್ಲಿ ಊಟದ ವ್ಯವಸ್ಥೆ ನೆಚ್ಚಬೇಡಿ, ಕಲಬುರಗಿಯಿಂದಲೇ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಳ್ಳಿ.

ಸಗರನಾಡು

ನಾಲ್ಕನೇ ದಿನಕ್ಕೆ ನಮ್ಮ ಕಡೆ. ಯಾದಗಿರಿ ಕೋಟೆಗುಡ್ಡ ಹತ್ತಬೇಕು, ನಿಮ್ಮ ಹಿರಿಯರಿಗೆ ಆಗದು. ಅವರನ್ನು ಬಿಟ್ಟು ಹತ್ತುವುದಾದರೆ ಬಿಸಿಲು ಏರುವ ಮುಂಚೆ, ಕೆಳಗೇ ನೀರು ತುಂಬಿಕೊಂಡು.

ಶಹಾಪುರದ ಮಲಗಿದ ಬುದ್ಧ ಎಂದರೆ ವಿಗ್ರಹವಲ್ಲ, ಗುಡ್ಡಸಾಲು. ಒಂದು ಕೋನದಿಂದ ತಲೆ, ಎದೆ, ಕಾಲು ಸೇರಿ ಕಾಣುತ್ತವೆ. ಹತ್ತಿರ ಹೋದಷ್ಟೂ ಗುಡ್ಡಗಳು ಬೇರೆ ಬೇರೆಯಾಗಿ ಬುದ್ಧ ಮಾಯ. ರಸ್ತೆಯಲ್ಲೇ ನಿಲ್ಲಿಸಿ ನೋಡಿ, ಗುಡ್ಡದ ಬುಡಕ್ಕೆ ಗಾಡಿ ಓಡಿಸಬೇಡಿ.

ಶಹಾಪುರದ ಹತ್ತಿರ ವಿಭೂತಿಹಳ್ಳಿ ಬಿಡಬೇಡಿ. ಬೃಹತ್ ಶಿಲಾಯುಗದ ಗ್ರಾನೈಟ್ ಗುಂಡುಗಳನ್ನು ಸಾಲಾಗಿ, ಚೌಕ ಬರುವಂತೆ ಇಟ್ಟಿದ್ದಾರೆ. ನೆಲದ ಮೇಲೆ ನಿಂತರೆ ಕಲ್ಲುಬಯಲಿನ ಹಾಗೆ ಕಂಡು ವಾಪಸ್ ಬರುತ್ತೀರಿ. ಒಂದು ಗುಂಡಿನ ಹಿಂದೆ ಕೂತು ಕಣ್ಣನ್ನು ಅದರ ಮಟ್ಟಕ್ಕೆ ಇಳಿಸಿ, ಸಾಲು ತಾನೇ ಎದ್ದು ಕಾಣುತ್ತದೆ. ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಹತ್ತೊಂಬತ್ತನೇ ಶತಮಾನದ ನಡುವಿಗೇ ಈ ಭಾಗದ ಇಂಥ ನೆಲೆಗಳನ್ನು ಗುರುತಿಸಿ ಬರೆದಿದ್ದ. ಇಂಥ ಕಡೆ ಅಪಾಯ ಬರುವುದು ಮನೆಯಿಂದಲ್ಲ, ಜಲ್ಲಿಯಿಂದ. ಹೊಸ ಹೆದ್ದಾರಿಗೆ ಜಲ್ಲಿ ಬೇಕು, ಬಿಡಿ ಗುಂಡು ಒಡೆಯುವುದು ಬಂಡೆ ಸಿಡಿಸುವುದಕ್ಕಿಂತ ಅಗ್ಗ. ಫಲಕ ಇರುವ ನೆಲೆ ಉಳಿಯುತ್ತದೆ, ಫಲಕ ಇಲ್ಲದ್ದು ಟಿಪ್ಪರಿನಲ್ಲಿ ಹೋಗುತ್ತದೆ.

ಹುಣಸಗಿ ಬಳಿಯ ಇಸಾಂಪುರ ಇನ್ನೂ ವಿಚಿತ್ರ. ಹತ್ತು ಲಕ್ಷ ವರ್ಷಕ್ಕೂ ಹಿಂದಿನ ಕೈಗೊಡಲಿಗಳನ್ನು ಸುಣ್ಣಕಲ್ಲಿನ ಹಾಸು ಒಡೆದು ಮಾಡಿದ ಜಾಗ. ನೀರಾವರಿ ಕಾಮಗಾರಿಗೆ ಮೇಲಿನ ಮಣ್ಣು ತೆಗೆದದ್ದರಿಂದಲೇ ಅದು ಬೆಳಕಿಗೆ ಬಂದದ್ದು, ಅದೇ ನೀರಾವರಿ ಬಂದ ಮೇಲೆ ಹೊಲ ಮಟ್ಟ ಮಾಡಿ ಭತ್ತ ಹಾಕುವಾಗ ಸುತ್ತಲಿನ ನೆಲೆಗಳು ಅಳಿಯುತ್ತಿವೆ. ಪ್ರವಾಸಿಗೆ ನೋಡಲು ಏನಿಲ್ಲ, ಹೋಗುವ ಅಗತ್ಯವೂ ಇಲ್ಲ.

ಸಂಜೆ ಬೋನಾಳ ಕೆರೆ, ಸುರಪುರದಿಂದ ಹತ್ತು ಕಿ.ಮೀ. ಆಸುಪಾಸು. ಜನವರಿಯಲ್ಲಿ ಪಟ್ಟೆತಲೆ ಹೆಬ್ಬಾತು ಸಿಗುವ ಕಾಲ. ಸೂರ್ಯನಿಗೆ ಬೆನ್ನು ಹಾಕಿ ಕೂರುವ ದಂಡೆ ಆರಿಸಿಕೊಳ್ಳಿ, ಇಲ್ಲದಿದ್ದರೆ ಎಲ್ಲ ಹಕ್ಕಿಯೂ ಕರಿ ಚುಕ್ಕೆ.

ನಕಾಶೆ

ಸೂರತ್–ಚೆನ್ನೈ ಹೆದ್ದಾರಿ ಕಾರಿಡಾರ್ ಕಲಬುರಗಿ, ಯಾದಗಿರಿ, ರಾಯಚೂರು ಹಾದು ಹೋಗುತ್ತದೆ. ಬೇಕಾದಲ್ಲಿ ಇಳಿಯುವ ರಸ್ತೆ ಅಲ್ಲ ಅದು, ನಿಗದಿತ ಕಡೆ ಮಾತ್ರ ಹತ್ತಿ ಇಳಿಯಬೇಕು. ಸೊಲ್ಲಾಪುರ, ಕರ್ನೂಲು ಕಡೆಯಿಂದ ಬರುವವರಿಗೆ ದೂರ ಕಮ್ಮಿಯಾದೀತು. ಸನ್ನತಿ, ವಿಭೂತಿಹಳ್ಳಿಗೆ ಕೊನೆಯ ಹತ್ತು ಹದಿನೈದು ಕಿ.ಮೀ. ಮಾತ್ರ ಈಗಿನ ಹಾಗೆ ಇರುತ್ತದೆ. ಪ್ರವಾಸಿ ದುಡ್ಡು ಊರಿಗೆ ಸೇರಬೇಕಾದರೆ ಆ ಕೊನೆಯ ತುಂಡಿಗೆ ಡಾಂಬರು, ಶೌಚಾಲಯ, ಬೀಗದ ಕೈ ಹಿಡಿದವರೊಬ್ಬರು ಬೇಕು.

ಜಂಬಿಟ್ಟಿಗೆ

ಸಣ್ಣಪುಟ್ಟದ್ದು: ಡ್ರೋನ್ ತರಲೇಬೇಡಿ. ಬೀದರಿನಲ್ಲಿ ವಾಯುಪಡೆಯ ನೆಲೆ ಇದೆ, ಜೊತೆಗೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಟ್ರೈಪಾಡ್‌ಗೂ ಮೊದಲೇ ಅನುಮತಿ ಬೇಕು. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ನರಸಿಂಹ ಝರಣಿಯಲ್ಲಿ ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರ್ ಗುಹೆಯೊಳಗೆ ನಡೆಯಬೇಕು. ಉಸಿರಿನ ತೊಂದರೆ, ರಕ್ತದೊತ್ತಡ ಇರುವವರು ಬೇಡ, ರಜಾದಿನದ ನೂಕುನುಗ್ಗಲಲ್ಲಿ ಯಾರೂ ಬೇಡ.

ದಕ್ಷಿಣದವ

ಹೀಗೆ ಹಾಕಿಕೊಂಡೆ: ಮೊದಲ ದಿನ ಬೆಳಗ್ಗೆ ಅಷ್ಟೂರು, ಆಮೇಲೆ ಕೋಟೆ. ಎರಡನೇ ದಿನ ಮದರಸಾ, ಕರೇಜ್, ಸಂಜೆಯೊಳಗೆ ಕಲಬುರಗಿ. ಮೂರನೇ ದಿನ ಕಲಬುರಗಿ ಕೋಟೆ ಮುಗಿಸಿ ಮಳಖೇಡ, ಸನ್ನತಿ. ನಾಲ್ಕು ಶಹಾಪುರ, ಬೋನಾಳ, ರಾತ್ರಿ ಯಾದಗಿರಿಯಲ್ಲಿ ರೈಲು.

ಫರಸಿ

ಮೂರನೇ ದಿನ ಆಗುವುದಿಲ್ಲ. ಕೋಟೆಗೆ ಹೋದರೆ ಹೊರಡುವುದೇ ಹತ್ತೂವರೆ, ಸನ್ನತಿಗೆ ಮುಟ್ಟುವಾಗ ಹೊತ್ತು ಇಳಿದಿರುತ್ತದೆ. ಎರಡನೇ ದಿನ ಮಧ್ಯಾಹ್ನ ಎರಡರೊಳಗೆ ಬೀದರ್ ಬಿಟ್ಟು ಜಾಮಾ ಮಸೀದಿಯನ್ನು ಅದೇ ಸಂಜೆಗೆ ಹಾಕಿ, ಕರೇಜ್ ಬೆಳಗ್ಗೆ ಮೊದಲು, ಮದರಸಾ ಆಮೇಲೆ. ಸನ್ನತಿಯಿಂದ ಕಲಬುರಗಿಗೆ ವಾಪಸಾಗದೆ ಶಹಾಪುರ ಅಥವಾ ಯಾದಗಿರಿಯಲ್ಲೇ ರೂಮು ಮಾಡಿದರೆ ನಾಲ್ಕನೇ ದಿನ ಎರಡು ತಾಸು ಉಳಿಯುತ್ತದೆ. ಬೋನಾಳದಿಂದ ಯಾದಗಿರಿ ಸ್ಟೇಷನ್ನಿಗೆ ಎರಡು ತಾಸು ಇಟ್ಟುಕೊಳ್ಳಿ, ಸಂಜೆ ಎತ್ತಿನ ಗಾಡಿ, ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಲೈಟಿಲ್ಲದೆ ಹೋಗುತ್ತಿರುತ್ತವೆ.